ಹಬ್ಬದ ಬಸ್ಸಿಗೆ ಬೆಲೆ ಕಟ್ಟುವವರು ಯಾರು?

ದಸರಾ ಹತ್ತಿರ ಬಂತೆಂದರೆ ಮಿಯಾಪುರದಲ್ಲಿ ಬತುಕಮ್ಮನ ತಂಗೇಡು ಹೂವಿಗಿಂತ ಮೊದಲು ಬೆಲೆ ಏರುವುದು ಬೆಂಗಳೂರು ಬಸ್ಸಿನ ಸೀಟಿಗೆ. ಇಲ್ಲಿರುವ ಕನ್ನಡದವರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಸಾಮಾನ್ಯ ಮಂಗಳವಾರ ಒಂಬೈನೂರಕ್ಕೋ ಸಾವಿರಕ್ಕೋ ಸಿಗುವ ಎಸಿ ಸ್ಲೀಪರ್ ಬರ್ತು ಹಬ್ಬದ ಹಿಂದಿನ ಶುಕ್ರವಾರ ಎರಡೂವರೆ ಸಾವಿರ ದಾಟುತ್ತದೆ. ಕಳೆದ ದೀಪಾವಳಿಗೆ ನನ್ನ ಕಣ್ಣೆದುರೇ ಒಂದು ಬರ್ತು 3,200ಕ್ಕೆ ಹೋಯಿತು. ಅದೇ ಬಸ್ಸು, ಅದೇ ಡ್ರೈವರು, ಹೋದ ವಾರ ಯಾರೋ ಹೊದ್ದು ಬಿಟ್ಟ ಅದೇ ಕಂಬಳಿ. ಹೆಚ್ಚು ಕೊಟ್ಟಿದ್ದಕ್ಕೆ ನೀರಿನ ಬಾಟಲಿ ಕೂಡ ದೊಡ್ಡದಾಗುವುದಿಲ್ಲ.

ಇದರ ಬಗ್ಗೆ ಗೊಣಗದವರಿಲ್ಲ. ಗೊಣಗಿ ಮುಗಿದ ಮೇಲೆ ಹೇಳುವ ಮಾತೂ ಎಲ್ಲರದ್ದೂ ಒಂದೇ. ‘ಡಿಮ್ಯಾಂಡ್ ಇದೆ, ರೇಟ್ ಜಾಸ್ತಿ. ಏನ್ ಮಾಡೋಕಾಗುತ್ತೆ?’ ನನ್ನ ತಕರಾರು ಬಸ್ಸಿನವರ ಮೇಲೆ ಎಷ್ಟಿದೆಯೋ ಈ ಮಾತಿನ ಮೇಲೂ ಅಷ್ಟೇ ಇದೆ. ಓದಿದವರು, ಎಕನಾಮಿಕ್ಸಿನ ಒಂದು ಪೇಪರು ಪಾಸು ಮಾಡಿದವರು, ಈ ಮಾತನ್ನು ಹೇಳಿ ಫೋನು ಕೆಳಗಿಡುತ್ತಾರೆ. ಹಬ್ಬಕ್ಕೆ ದರ ಏರುವುದು ಮಳೆಗಾಲದಲ್ಲಿ ಮಳೆ ಬಂದಷ್ಟೇ ಸಹಜ ಅನ್ನುವ ಹಾಗೆ.

ಬೆಲೆ ಏರಿಸುವುದು ಸಾಫ್ಟ್‌ವೇರ್, ಮನುಷ್ಯರಲ್ಲ ಎಂಬ ಇನ್ನೊಂದು ಸಮಜಾಯಿಷಿ ಇದೆ. ಇದನ್ನು ಹೇಳುವವರು ಬಹುಪಾಲು ನಮ್ಮ ಕಸುಬಿನವರೇ ಎನ್ನುವುದು ತಮಾಷೆ. ಸಾಫ್ಟ್‌ವೇರ್ ಪ್ರಾಜೆಕ್ಟು ನಡೆಸಿ ಬದುಕುವವನಾಗಿ ಹೇಳುತ್ತೇನೆ, ತಾನಾಗಿ ದರ ಏರಿಸುವ ಸಾಫ್ಟ್‌ವೇರ್ ಎಂಬುದು ಇಲ್ಲ. ಇಷ್ಟು ಸೀಟು ತುಂಬಿದರೆ ಇಷ್ಟು ಏರಿಸು, ಇಂಥ ದಿನಾಂಕಕ್ಕೆ ಇಷ್ಟು ಸೇರಿಸು, ಇದಕ್ಕಿಂತ ಕೆಳಗೆ ಇಳಿಯಬೇಡ ಎಂದು ಯಾರೋ ಒಬ್ಬರು ಕೂತು ತುಂಬಿರುತ್ತಾರೆ. ಕನಿಷ್ಠ ದರದ ಕಾಲಂ ತುಂಬಿ ಗರಿಷ್ಠ ದರದ ಕಾಲಮ್ಮನ್ನು ಖಾಲಿ ಬಿಟ್ಟಿದ್ದರೆ ಅದೂ ಒಬ್ಬ ಮನುಷ್ಯನ ತೀರ್ಮಾನವೇ. ಪಂಚಾಂಗ ನೋಡಿ ಹಬ್ಬದ ದಿನಾಂಕಗಳನ್ನು ಸಿಸ್ಟಮ್ಮಿಗೆ ಹಾಕುವವನಿಗೆ ಯಾರು ಊರಿಗೆ ಹೋಗಲೇಬೇಕು, ಯಾರಿಗೆ ಬೇರೆ ದಾರಿಯಿಲ್ಲ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ.

ಬಸ್ಸಿನ ಮಾಲೀಕರ ಪರವಾಗಿ ಹೇಳಬಹುದಾದ ನ್ಯಾಯವಾದ ಮಾತು ಒಂದಿದೆ, ಅದನ್ನು ಮುಚ್ಚಿಡುವುದು ಬೇಡ. ಹಬ್ಬದ ಹಿಂದಿನ ದಿನ ಬಸ್ಸು ತುಂಬಿ ಹೋಗುತ್ತದೆ, ಮಾರನೆಯ ದಿನ ಖಾಲಿ ಬರುತ್ತದೆ. ಡೀಸೆಲ್ಲು, ಟೋಲು, ಇಬ್ಬರು ಡ್ರೈವರುಗಳ ಭತ್ಯೆ ಎರಡೂ ಕಡೆಗೆ ಬೀಳುತ್ತದೆ. ವಾರದ ಮಧ್ಯೆ ಅರ್ಧ ಸೀಟು ಖಾಲಿ ಇಟ್ಟುಕೊಂಡು, ಸರ್ಕಾರಿ ಬಸ್ಸಿಗಿಂತ ಕಡಿಮೆಗೆ ಓಡಿಸಿದ ನಷ್ಟವನ್ನು ಹಬ್ಬದಲ್ಲಿ ತುಂಬಿಕೊಳ್ಳಬೇಕು ಎಂಬುದೂ ಅವರ ವಾದ. ಸರಿ. ಆದರೆ ಖಾಲಿ ಬರುವ ಬಸ್ಸಿನ ಖರ್ಚು ಎಷ್ಟು ಎನ್ನುವುದಕ್ಕೆ ಇದೇ ರಾಜ್ಯದಲ್ಲಿ ಒಂದು ಲೆಕ್ಕ ಇದೆ. ತೆಲಂಗಾಣದ ಆರ್‌ಟಿಸಿ ಪ್ರತಿ ಹಬ್ಬಕ್ಕೂ ಉಲ್ಲೇಖಿಸುವ 2003ರ ಸರ್ಕಾರಿ ಆದೇಶ ಸಂಖ್ಯೆ 16. ಹಬ್ಬದ ವಿಶೇಷ ಬಸ್ಸುಗಳು ಒಂದು ಕಡೆ ಖಾಲಿ ಬರುತ್ತವೆ, ಕನಿಷ್ಠ ಡೀಸೆಲ್ ಖರ್ಚಾದರೂ ಹುಟ್ಟಬೇಕು ಎಂಬ ಕಾರಣಕ್ಕೇ ಆ ಬಸ್ಸುಗಳಿಗೆ ಮಾತ್ರ ಮಾಮೂಲಿ ದರದ ಒಂದೂವರೆ ಪಟ್ಟಿನವರೆಗೆ ಪಡೆಯಲು ಅದು ಅವಕಾಶ ಕೊಡುತ್ತದೆ. ಅಂದರೆ ಖಾಲಿ ಬಸ್ಸಿನ ಸಂಕಟಕ್ಕೆ ಸರ್ಕಾರ ಕಟ್ಟಿದ ಬೆಲೆ ಅರ್ಧದಷ್ಟು ಹೆಚ್ಚು. ಅದೇ ರಸ್ತೆ, ಅದೇ ಡೀಸೆಲ್ಲು, ಅದೇ ಟೋಲು ಇರುವ ಖಾಸಗಿ ಬಸ್ಸಿಗೆ ಅದು ಮೂರು ಪಟ್ಟು ಹೇಗಾಗುತ್ತದೆ? ಒಂದೂವರೆಯಿಂದ ಮೂರರವರೆಗಿನ ಆ ಅಂತರಕ್ಕೆ ‘ಡಿಮ್ಯಾಂಡ್’ ಅನ್ನುವುದಕ್ಕಿಂತ ಸರಿಯಾದ ಹೆಸರು ನಮ್ಮ ಹಳ್ಳಿಗಳಲ್ಲಿ ಇದೆ, ಸಂಪಾದಕರು ಹಾಕಲಿಕ್ಕಿಲ್ಲ.

ದರಕ್ಕೆ ಮಿತಿ ಹಾಕಲು ಬರುವುದಿಲ್ಲ, ಇದು ಮುಕ್ತ ಮಾರುಕಟ್ಟೆ ಎನ್ನುವವರು ಸುತ್ತ ಒಮ್ಮೆ ನೋಡಬೇಕು. ಆ್ಯಪಿನ ಕ್ಯಾಬುಗಳಿಗೆ ಕೇಂದ್ರ ಸರ್ಕಾರದ 2025ರ ಮಾರ್ಗಸೂಚಿಯಲ್ಲಿ ಮಿತಿ ಇದೆ, ಎಷ್ಟೇ ರಶ್ ಇದ್ದರೂ ಮೂಲ ದರದ ಎರಡು ಪಟ್ಟು ಮೀರುವಂತಿಲ್ಲ. ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂಬುದು ಬೇರೆ ಮಾತು, ಮಿತಿ ಎನ್ನುವ ಒಂದು ಗೆರೆಯಾದರೂ ಇದೆ. ವಿಮಾನದ ಕಥೆ ಇನ್ನೂ ಇತ್ತೀಚಿನದು. 2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಉಳಿದವರ ಟಿಕೆಟ್ ದರ ಆಕಾಶಕ್ಕೇರಿದಾಗ, ಡಿಸೆಂಬರ್ 6ರಂದು ಕೇಂದ್ರ ಸರ್ಕಾರ ದೂರಕ್ಕೆ ತಕ್ಕಂತೆ ಮಿತಿ ಹಾಕಿತು. 500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ. ವಿಮಾನದ ದರದಲ್ಲಿ ಕೈ ಹಾಕುವುದಿಲ್ಲ ಎಂದು ಅದುವರೆಗೆ ಹೇಳುತ್ತಿದ್ದ ಸರ್ಕಾರವೇ ಅದು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಕೂಗು ದೆಹಲಿಗೆ ಕೇಳಿಸಿತು. ಮೆಟ್ರೊ ಕಂಬದ ಕೆಳಗೆ ಬ್ಯಾಗು ಹಿಡಿದು ನಿಂತವರದ್ದು ಕೇಳಿಸುವುದಿಲ್ಲ.

ಮೆಟ್ರೊ ಅಂದಾಗ ನೆನಪಾಯಿತು. ನಮ್ಮ ಮಿಯಾಪುರದಿಂದಲೇ 2017ರ ನವೆಂಬರ್ 28ರಂದು ಹೈದರಾಬಾದ್ ಮೆಟ್ರೊ ಉದ್ಘಾಟನೆಯಾದದ್ದು. ಏಳು ವರ್ಷಕ್ಕೂ ಹೆಚ್ಚು ಕಾಲ ಅದರ ದರ 10ರಿಂದ 60 ರೂಪಾಯಿಯೊಳಗೇ ಇತ್ತು. ಏರಿಸಬೇಕೆಂದಾಗ ನಿವೃತ್ತ ನ್ಯಾಯಮೂರ್ತಿಯೊಬ್ಬರ ಅಧ್ಯಕ್ಷತೆಯಲ್ಲಿ ದರ ನಿಗದಿ ಸಮಿತಿ ಕೂತಿತು, ಜನರ ಅಭಿಪ್ರಾಯ ಕೇಳಿತು, ವರದಿ ಕೊಟ್ಟಿತು. 2025ರ ಮೇ 17ರಿಂದ ಕನಿಷ್ಠ 12, ಗರಿಷ್ಠ 75 ಆಯಿತು. ಜನ ಬೈದರು, ಒಂದೇ ವಾರದಲ್ಲಿ, ಮೇ 24ರಿಂದ, ಶೇಕಡಾ 10 ರಿಯಾಯಿತಿ ಕೊಟ್ಟು ಗರಿಷ್ಠ 69ಕ್ಕೆ ಇಳಿಸಿದರು. ಅದೇ ವರ್ಷ ಫೆಬ್ರುವರಿಯಲ್ಲಿ ಬೆಂಗಳೂರಿನ ನಮ್ಮ ಮೆಟ್ರೊ 60ರ ಗರಿಷ್ಠ ದರವನ್ನು 90 ಮಾಡಿದಾಗ ಆದ ಗಲಾಟೆ ಗೊತ್ತಲ್ಲ, ಅಲ್ಲೂ ಕೆಲವು ದರಗಳನ್ನು ತಗ್ಗಿಸಬೇಕಾಯಿತು. ಹದಿನೈದು, ಮೂವತ್ತು ರೂಪಾಯಿಗೆ ಸಮಿತಿ, ಪ್ರತಿಭಟನೆ, ಟಿವಿ ಚರ್ಚೆ. ಒಂದು ರಾತ್ರಿಗೆ ಎರಡು ಸಾವಿರ ಹೆಚ್ಚು ಕಸಿದುಕೊಳ್ಳುವ ಖಾಸಗಿ ಬಸ್ಸಿಗೆ ಸಮಿತಿಯೂ ಇಲ್ಲ, ವರದಿಯೂ ಇಲ್ಲ, ಕನಿಷ್ಠ ಏರಿಸಿದ್ದೇವೆ ಎಂಬ ಪ್ರಕಟಣೆಯೂ ಇಲ್ಲ.

ಕಾನೂನೇ ಇಲ್ಲವೇನೋ ಅಂದುಕೊಂಡರೆ ಅದೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 67ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೆ ದರ ನಿಗದಿಪಡಿಸುವ, ಕನಿಷ್ಠ ಗರಿಷ್ಠ ಎರಡನ್ನೂ ಹೇಳುವ ಅಧಿಕಾರ ಕೊಟ್ಟಿದೆ. ಅದರಲ್ಲಿ ಸ್ಟೇಜ್ ಕ್ಯಾರಿಯೇಜ್ ಮಾತ್ರವಲ್ಲ, ಕಾಂಟ್ರಾಕ್ಟ್ ಕ್ಯಾರಿಯೇಜ್ ಕೂಡ ಸೇರಿದೆ. ಈ ಎರಡು ಪದ ಗೊತ್ತಿಲ್ಲದಿದ್ದರೆ ಮಿಯಾಪುರದ ರಾತ್ರಿ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ದಾರಿಯುದ್ದಕ್ಕೂ ನಿಲ್ಲಿಸಿ ಒಬ್ಬೊಬ್ಬರಿಂದ ಬೇರೆ ಬೇರೆ ಟಿಕೆಟ್ ಪಡೆದು ಹತ್ತಿಸಿ ಇಳಿಸುವುದು ಸ್ಟೇಜ್ ಕ್ಯಾರಿಯೇಜ್, ನಮ್ಮ ಸರ್ಕಾರಿ ಬಸ್ಸಿನ ಹಾಗೆ. ಒಂದು ಗುಂಪು ಇಡೀ ಬಸ್ಸನ್ನು ಒಪ್ಪಂದ ಮಾಡಿಕೊಂಡು ಇಲ್ಲಿಂದ ಅಲ್ಲಿಗೆ ಹೋಗುವುದು ಕಾಂಟ್ರಾಕ್ಟ್ ಕ್ಯಾರಿಯೇಜ್, ಮದುವೆ ದಿಬ್ಬಣದ ಹಾಗೆ, ತಿರುಪತಿ ಯಾತ್ರೆಯ ಹಾಗೆ. ಬೆಂಗಳೂರಿಗೆ ಹೊರಡುವ ಖಾಸಗಿ ಬಸ್ಸುಗಳು ಓಡುವುದು ಈ ಎರಡನೆಯ ಬಗೆಯ ಪರ್ಮಿಟ್ಟಿನಲ್ಲಿ, ಹೆಚ್ಚಾಗಿ ಅಖಿಲ ಭಾರತ ಪ್ರವಾಸಿ ಪರ್ಮಿಟ್ಟಿನಲ್ಲಿ. ಕಾಗದದ ಪ್ರಕಾರ ನಾವೆಲ್ಲ ಒಂದು ಪ್ರವಾಸಿ ತಂಡ. ಪಟಾನ್‌ಚೆರುವಿನಲ್ಲಿ ಹತ್ತಿದ ಫಾರ್ಮಾ ಕಂಪನಿಯವನು, ಮಿಯಾಪುರದಲ್ಲಿ ಹತ್ತಿದ ನಾನು, ಕೆಪಿಎಚ್‌ಬಿಯಲ್ಲಿ ಹತ್ತಿದ ಪಿಜಿ ಹುಡುಗಿಯರು, ಲಕ್ಡಿಕಾಪೂಲಿನಲ್ಲಿ ಹತ್ತಿದ ಆಸ್ಪತ್ರೆಯ ದಂಪತಿ, ಎಲ್ಲರೂ ಸೇರಿ ಮಡಿವಾಳ ನೋಡಲು ಹೊರಟ ಪ್ರವಾಸಿಗಳು!

ಈ ನಾಟಕ ಮೂರೂ ರಾಜ್ಯದ ಸಾರಿಗೆ ಇಲಾಖೆಗಳಿಗೆ ಗೊತ್ತು. ಇದನ್ನು ಹಿಡಿದು ಬಸ್ಸು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ನಿಲ್ಲಿಸಿದರೆ ಮೊದಲು ಬೀದಿಗೆ ಬೀಳುವವರು ನಾವೇ. ಸರ್ಕಾರಿ ಬಸ್ಸುಗಳ ಮುಖ್ಯ ನಿಲ್ದಾಣ ಎಂಜಿಬಿಎಸ್, ನಮ್ಮಿಂದ ಊರಿನ ಇನ್ನೊಂದು ಮಗ್ಗುಲು. ಕೆಂಪು ಲೈನಿನ ಮೆಟ್ರೊ ನೇರ ಅಲ್ಲಿಗೆ ಹೋಗುತ್ತದೆ ನಿಜ, ಆದರೆ ಎರಡು ಮಕ್ಕಳು, ಮೂರು ಬ್ಯಾಗು, ಒಂದು ಅತ್ತೆಮ್ಮನವರ ಉಪ್ಪಿನಕಾಯಿ ಡಬ್ಬಿ ಹಿಡಿದು ಹಬ್ಬದ ಹಿಂದಿನ ಸಂಜೆ ಅಮೀರ್‌ಪೇಟೆ ದಾಟಿ ನೋಡಿ, ಆಮೇಲೆ ಮಾತಾಡೋಣ. ಖಾಸಗಿ ಬಸ್ಸು ಬೇಕು. ಬೇಕಾದ್ದಕ್ಕೇ ಅದಕ್ಕೆ ಮಿತಿಯೂ ಬೇಕು. ಪರ್ಮಿಟ್ಟಿನ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡ ಸರ್ಕಾರ, ದರದ ವಿಷಯ ಬಂದ ಕೂಡಲೇ ‘ಅವು ನಮ್ಮ ನಿಯಂತ್ರಣದಲ್ಲಿಲ್ಲ’ ಅನ್ನುವುದನ್ನು ಒಪ್ಪಲಾಗದು. ಪ್ರತಿ ಹಬ್ಬಕ್ಕೂ ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ‘ಹೆಚ್ಚು ದರ ಪಡೆದರೆ ಕಠಿಣ ಕ್ರಮ’ ಎಂಬ ಹೇಳಿಕೆ ಬರುತ್ತದೆ. ಯಾವುದಕ್ಕಿಂತ ಹೆಚ್ಚು? ಮೂಲ ದರ ಇಷ್ಟು ಎಂದು ಎಲ್ಲೂ ಬರೆದಿಲ್ಲದ ಮೇಲೆ ಹೆಚ್ಚು ಎನ್ನುವುದನ್ನು ಅಳೆಯುವ ಕೋಲು ಯಾವುದು?

ದರದ ವಿಷಯ ಬಿಟ್ಟು ಸ್ವಲ್ಪ ನಂಬರ್ ಪ್ಲೇಟುಗಳನ್ನು ನೋಡಿ. ರಾತ್ರಿ ಎಂಟರ ಮೇಲೆ ಮಿಯಾಪುರ ಕ್ರಾಸ್‌ರೋಡಿನಿಂದ ಕೂಕಟ್‌ಪಲ್ಲಿಯ ಕಡೆ ಮುಂಬೈ ಹೆದ್ದಾರಿಯ ಎಡ ಬದಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಎನ್‌ಎಲ್, ಎಆರ್, ಡಿಡಿ, ಒಡಿ. ನಾಗಾಲ್ಯಾಂಡ್, ಅರುಣಾಚಲ, ದಮನ್ ದಿಯು, ಒಡಿಶಾ. ಕೊಹಿಮಾದ ಒಂದು ತಿರುವನ್ನೂ ಕಂಡಿರದ ಕೊಹಿಮಾದ ಬಸ್ಸುಗಳು. ಅಲ್ಲಿ ತೆರಿಗೆ ಕಡಿಮೆ, ಕಾಗದ ಸಲೀಸು. ತೆರಿಗೆ ಉಳಿಸಿದ್ದರಿಂದ ಟಿಕೆಟ್ ಅಗ್ಗವಾಯಿತೇ ಎಂದು ಕೇಳಬೇಡಿ. ತೆರಿಗೆ ಉಳಿತಾಯ ಅವರದ್ದು, ಹಬ್ಬದ ಹೊರೆ ನಮ್ಮದು. ಇಲ್ಲಿ ಓಡುವ ಬಸ್ಸಿನ ಫಿಟ್ನೆಸ್ ಕಾಗದದ ಜವಾಬ್ದಾರಿ ಸಾವಿರಾರು ಕಿಲೋಮೀಟರ್ ದೂರದ ಒಂದು ಕಚೇರಿಯದ್ದು.

ಇದು ಬರೀ ದುಡ್ಡಿನ ಜಗಳವಲ್ಲ ಎನ್ನುವುದು ಇಲ್ಲಿ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಹತ್ತಿರ ಚಿನ್ನಟೇಕೂರಿನಲ್ಲಿ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸಿನಡಿಗೆ ರಸ್ತೆಯಲ್ಲಿ ಬಿದ್ದಿದ್ದ ಬೈಕೊಂದು ಸಿಕ್ಕಿ ಬೆಂಕಿ ಹೊತ್ತಿತು. ಮಲಗಿದ್ದ 19 ಪ್ರಯಾಣಿಕರು ಸತ್ತರು. ದೀಪಾವಳಿ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದವರೂ ಅದರಲ್ಲಿದ್ದರು. ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಬೇಕಾಯಿತು. ಆ ಬಸ್ಸು ದಮನ್ ದಿಯುವಿನಲ್ಲಿ ನೋಂದಣಿಯಾಗಿ ಆಮೇಲೆ ಒಡಿಶಾಕ್ಕೆ ಹೋದದ್ದು, ಕೂರುವ ಸೀಟಿನ ಬಸ್ಸನ್ನು ಸ್ಲೀಪರ್ ಮಾಡಿದ್ದು, ಡಿಕ್ಕಿಯಲ್ಲಿ ಮೊಬೈಲ್ ಫೋನುಗಳ ಪಾರ್ಸೆಲ್ ಇದ್ದದ್ದು ಆ ವಾರ ಎಲ್ಲ ಪತ್ರಿಕೆಗಳಲ್ಲಿ ಬಂತು. ನಾವು ಹತ್ತುವ ರಸ್ತೆಯೇ, ನಾವು ಹೋಗುವ ಊರೇ. ಇದಕ್ಕೆ ಹನ್ನೆರಡು ವರ್ಷ ಹಿಂದೆ, 2013ರ ಅಕ್ಟೋಬರ್ 30ರ ನಸುಕಿನಲ್ಲಿ, ಇದೇ ಹೆದ್ದಾರಿಯಲ್ಲಿ, ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ, ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸು ಕಲ್ವರ್ಟಿಗೆ ಗುದ್ದಿ ಸುಟ್ಟುಹೋಗಿ 45 ಜನ ಸತ್ತಿದ್ದರು. ಅದು ಕೂಡ ದೀಪಾವಳಿಯ ನಾಲ್ಕು ದಿನ ಮೊದಲು. ಎರಡೂ ಹಬ್ಬದ ವಾರದ ಸಾವುಗಳೇ. ಎರಡೂ ಸಲ ಒಂದಷ್ಟು ದಿನ ತಪಾಸಣೆ ನಡೆಯಿತು, ಬಸ್ಸು ಹಿಡಿದರು, ದಂಡ ಹಾಕಿದರು.

ಮೂರು ಸಾವಿರ ಕೊಟ್ಟ ಪ್ರಯಾಣಿಕನಿಗೆ ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂದು ಯಾರೂ ತೋರಿಸುವುದಿಲ್ಲ. ಮೊನ್ನೆ ಸಂಕ್ರಾಂತಿಯಲ್ಲಿ ಕೇಳಿ ನೋಡಿದೆ. ಕ್ಲೀನರ್ ಹುಡುಗ ‘ಉಂಟುಂದಿ ಸಾರ್, ಮುಂದ ಉಂಟುಂದಿ’ ಅಂದ. ಮುಂದೆ ಹೋಗಿ ಹುಡುಕಿದರೆ ಸುತ್ತಿಗೆಯ ಕೊಕ್ಕೆ ಇತ್ತು, ಸುತ್ತಿಗೆ ಇರಲಿಲ್ಲ. ತುರ್ತು ಬಾಗಿಲಿನ ಎದುರಿನ ಬರ್ತಿನಲ್ಲಿ ಮೂರು ಅಕ್ಕಿ ಚೀಲ ಮಲಗಿದ್ದವು. ಅವುಗಳ ಟಿಕೆಟ್ ಎಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ. ಪ್ರಯಾಣಿಕರ ಪಟ್ಟಿ ಇಟ್ಟುಕೊಂಡಿರಬೇಕು ಎಂದು ನಿಯಮ ಹೇಳುತ್ತದೆ. ಪಟ್ಟಿಯಲ್ಲಿ ಇಲ್ಲದ ಇಬ್ಬರು ಶಂಶಾಬಾದಿನ ಹತ್ತಿರ ಕೈ ಅಡ್ಡ ಹಾಕಿ ಹತ್ತಿದರು, ಡ್ರೈವರ್ ಕ್ಯಾಬಿನ್ನಿನಲ್ಲಿ ಕೂತರು. ಏನಾದರೂ ಆದರೆ ಆ ಇಬ್ಬರನ್ನು ಹುಡುಕಿಕೊಂಡು ಬರುವವರು ಯಾವ ಕಾಗದ ನೋಡಬೇಕು?

ಇನ್ನು ಟಿಕೆಟ್ ಕೊಳ್ಳುವ ಆಟ. ‘ಇನ್ನು 2 ಸೀಟು ಮಾತ್ರ’, ‘ಈಗ 34 ಜನ ನೋಡುತ್ತಿದ್ದಾರೆ’ ಎಂದು ಹೆದರಿಸುವುದು. ಕೇಳದೆಯೇ ವಿಮೆಯ ಚೌಕದಲ್ಲಿ ಟಿಕ್ ಹಾಕಿರುವುದು. ಮೊದಲ ಪರದೆಯಲ್ಲಿ 1,999, ಕೊನೆಯ ಪರದೆಯಲ್ಲಿ 2,260. ಇವೆಲ್ಲಕ್ಕೂ ಹೆಸರಿದೆ, ಡಾರ್ಕ್ ಪ್ಯಾಟರ್ನ್. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಲಾಗಿದೆ. ಸುಳ್ಳು ಅವಸರ ಹುಟ್ಟಿಸುವುದು, ಬುಟ್ಟಿಯೊಳಗೆ ಕದ್ದು ಸೇರಿಸುವುದು, ಹನಿ ಹನಿಯಾಗಿ ದರ ತೋರಿಸುವುದು ಮೂರೂ ಅದರಲ್ಲಿವೆ. ಈ ಪತ್ರಿಕೆ ಓದುವವರಲ್ಲಿ ಅರ್ಧ ಜನಕ್ಕೆ ಇದು ನನಗಿಂತ ಚೆನ್ನಾಗಿ ಗೊತ್ತು, ಇಂಥ ಪರದೆಗಳ ರಿವ್ಯೂ ಮೀಟಿಂಗಿನಲ್ಲಿ ಕೂತವರೂ ಇದ್ದೀರಿ. ಮುಂದಿನ ಸಲ ಆ ಚೌಕ ಮೊದಲೇ ಟಿಕ್ ಆಗಿರಲಿ ಎಂದು ಬಿಸಿನೆಸ್ ತಂಡದವರು ಕೇಳಿದಾಗ ಈ ಮಾರ್ಗಸೂಚಿಯನ್ನು ಮೇಜಿನ ಮೇಲೆ ಇಡಿ. ಇದು ಧರ್ಮದ ಮಾತಲ್ಲ, ಕಂಪ್ಲಯನ್ಸ್ ಮಾತು. ಅವರಿಗೆ ಅರ್ಥವಾಗುವ ಭಾಷೆ.

ದೀಪಾವಳಿಗೆ ಮೂರು ವಾರ ಮೊದಲೇ ನಾನು 1,450ಕ್ಕೆ ಒಂದರಂತೆ ನಾಲ್ಕು ಬರ್ತು ಕಾದಿರಿಸಿದ್ದೆ. ಹೊರಡುವ ದಿನ ಮಧ್ಯಾಹ್ನ ಎರಡೂವರೆಗೆ ಮೆಸೇಜು ಬಂತು, ‘ತಾಂತ್ರಿಕ ಕಾರಣದಿಂದ ಸೇವೆ ರದ್ದು, ಹಣ 5ರಿಂದ 7 ಕೆಲಸದ ದಿನಗಳಲ್ಲಿ ವಾಪಸ್’. ಅದೇ ಕಂಪನಿಯ, ಅದೇ ಹೊತ್ತಿನ, ಅದೇ ಪಿಕಪ್ ಪಾಯಿಂಟಿನ ಇನ್ನೊಂದು ಬಸ್ಸು ಮೂರು ಗಂಟೆಗೆ ಆ್ಯಪಿನಲ್ಲಿ ಪ್ರತ್ಯಕ್ಷವಾಯಿತು, ಬರ್ತಿಗೆ 2,900. ಫೋನು ಮಾಡಿದರೆ ಆ ಕಡೆಯವನು ಬಹಳ ವಿನಯದಿಂದ ‘ರಿಫಂಡ್ ಒಸ್ತುಂದಿ ಕದಾ ಸಾರ್’ ಎಂದ. ರಿಫಂಡ್ ಬರುತ್ತದೆ, ನಿಜ. ಅದೇ ಮಧ್ಯಾಹ್ನ ಎರಡೂವರೆಗೆ ನಾನು ರದ್ದು ಮಾಡಿದ್ದರೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಅವರ ಷರತ್ತಿನಲ್ಲೇ ಹಾಗಿದೆ. ನಾನು ಮಾತು ತಪ್ಪಿದರೆ ನೂರಕ್ಕೆ ನೂರು ದಂಡ, ಅವರು ಮಾತು ತಪ್ಪಿದರೆ ನನ್ನ ದುಡ್ಡು ನನಗೇ ಕೊಡುವ ಔದಾರ್ಯ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇದಕ್ಕೂ ಒಂದು ಹೆಸರಿದೆ, ಅನ್ಯಾಯದ ಕರಾರು. ಸರಿಯಾದ ಕಾರಣವಿಲ್ಲದೆ ಒಬ್ಬರೇ ಕರಾರನ್ನು ಮುರಿಯಬಹುದು ಎಂಬ ಷರತ್ತು, ನಷ್ಟಕ್ಕೆ ತಾಳೆಯಿಲ್ಲದ ದಂಡ ಹಾಕುವ ಷರತ್ತು, ಎರಡೂ ಆ ವ್ಯಾಖ್ಯೆಯಲ್ಲಿ ಬರುತ್ತವೆ. ಅಂಥ ಕರಾರಿನ ದೂರು ರಾಜ್ಯ ಆಯೋಗಕ್ಕೆ ಹೋಗುತ್ತದೆ. ಬಸ್ಸು ರದ್ದಾದದ್ದು, ಬೇರೆ ಬಸ್ಸು ಕಳಿಸಿದ್ದು, ಎಸಿ ಇಲ್ಲದ್ದು, ಇವು ಸೇವೆಯ ಕೊರತೆ, ಜಿಲ್ಲಾ ಆಯೋಗಕ್ಕೆ.

ಇಷ್ಟು ಹೇಳಿದಾಗ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಗೆಳೆಯರು ಹೇಳುವುದು: ‘ನಾವು ಹೊರಗಿನವರು ಸಾರ್. ಇಲ್ಲಿ ಯಾವ ಕೋರ್ಟು, ಯಾವ ಭಾಷೆ, ಯಾರು ಓಡಾಡ್ತಾರೆ?’ ವಲಸೆ ಬಂದವರ ಈ ಮಾತನ್ನು ನಂಬಿಕೊಂಡೇ ಈ ವ್ಯಾಪಾರ ನಡೆಯುತ್ತಿರುವುದು. ಇಲ್ಲಿ ನಮಗೆ ಓಟಿಲ್ಲ, ಅಥವಾ ಇದ್ದರೂ ಹಾಕಿಲ್ಲ. ಕಾರ್ಪೊರೇಟರ್ ಯಾರು ಗೊತ್ತಿಲ್ಲ. ಅಲ್ಲಿ ಊರಿನಲ್ಲಿ ಓಟಿದೆ, ನಾವಿಲ್ಲ. ತೆಲಂಗಾಣದ ಶಾಸಕನಿಗೆ ಬೆಂಗಳೂರಿಗೆ ಹೋಗುವವನ ದೂರು ತನ್ನದಲ್ಲ, ಕರ್ನಾಟಕದ ಶಾಸಕನಿಗೆ ಮಿಯಾಪುರದಲ್ಲಿ ಬಸ್ಸು ಹತ್ತುವವನ ದೂರು ತನ್ನದಲ್ಲ, ಮಧ್ಯೆ ಅರ್ಧ ದಾರಿ ಹಾದುಹೋಗುವ ಆಂಧ್ರಕ್ಕಂತೂ ನಾವು ಕಿಟಕಿಯ ಪರದೆ ಎಳೆದುಕೊಂಡು ಮಲಗಿದವರು. ದೋಚುವುದಕ್ಕೆ ಇಷ್ಟು ಅನುಕೂಲವಾದ ಗಿರಾಕಿ ಬೇರೆ ಎಲ್ಲಿ ಸಿಗುತ್ತಾನೆ?

ಆದರೆ ‘ಭಾಷೆ ಬರೋದಿಲ್ಲ, ಕೋರ್ಟು ದೂರ’ ಎನ್ನುವುದು ಮಾತ್ರ ಈಗ ಸುಳ್ಳು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದು 17 ಭಾಷೆಗಳಲ್ಲಿ ಕೆಲಸ ಮಾಡುತ್ತದೆ, ಅದರಲ್ಲಿ ಕನ್ನಡ ಒಂದು. ಮಿಯಾಪುರದ ಬಾಲ್ಕನಿಯಲ್ಲಿ ನಿಂತು ಕನ್ನಡದಲ್ಲೇ ದೂರು ಬರೆಸಿದ್ದೇನೆ. ಬರೆದುಕೊಂಡ ಹೆಣ್ಣುಮಗಳು ‘ಪಿಕಪ್ ಪಾಯಿಂಟ್ ಯಾವ್ದು ಸರ್, ಸ್ಕ್ರೀನ್‌ಶಾಟ್ ಇದ್ಯಾ ಸರ್’ ಎಂದು ಒಂದೊಂದಾಗಿ ಕೇಳಿದಳು. ಇದು ಕೋರ್ಟಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುವ ವ್ಯವಸ್ಥೆ, ಅಷ್ಟೇ. ಅಲ್ಲಿ ಬಗೆಹರಿಯದಿದ್ದರೆ ಆಯೋಗ. 1986ರ ಹಳೆಯ ಕಾಯ್ದೆಯಲ್ಲಿ ಕಂಪನಿ ಇರುವ ಊರಿಗೋ ಘಟನೆ ನಡೆದ ಊರಿಗೋ ಹೋಗಬೇಕಿತ್ತು. 2020ರ ಜುಲೈ 20ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ದೂರುದಾರ ವಾಸವಿರುವ ಅಥವಾ ಕೆಲಸ ಮಾಡುವ ಕಡೆಯೇ ದಾಖಲಿಸಬಹುದು. ಮಿಯಾಪುರ ಶೇರಿಲಿಂಗಂಪಲ್ಲಿಗೆ ಸೇರಿದ್ದು, ಹಾಗಾಗಿ ರಂಗಾರೆಡ್ಡಿ ಜಿಲ್ಲೆ. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಹಾಕಬಹುದು, ವಕೀಲರು ಕಡ್ಡಾಯವಲ್ಲ. ನಾಲ್ಕು ತಾಸು ಸ್ಪ್ರಿಂಟ್ ರಿಪೋರ್ಟು ತಿದ್ದುವವರಿಗೆ ಎರಡು ಪುಟದ ದೂರು ಬರೆಯುವುದು ಕಷ್ಟವಲ್ಲ.

‘ಹೋಗ್ಲಿ ಬಿಡಿ, ಎರಡು ಸಾವಿರಕ್ಕೆ ಏನು ಜಗಳ’ ಎನ್ನುವ ಗೆಳೆಯರಿಗೆ ಒಂದು ಮಾತು. ನಿಮಗೆ ಎರಡು ಸಾವಿರ ಒಂದು ಭಾನುವಾರದ ಊಟ. ನೀವು ಬೈಯ್ಯುತ್ತಾ ಕೊಡುವ 2,900 ಆ ಬಸ್ಸಿನ ಬೆಲೆಯಾಗಿ ನಿಂತುಬಿಡುತ್ತದೆ. ಅದೇ ಬೆಲೆಯನ್ನು ಅಮೀರ್‌ಪೇಟೆಯ ಕೋಚಿಂಗಿಗೆ ಬಂದ ತುಮಕೂರಿನ ಹುಡುಗಿಯೂ ಕೊಡಬೇಕು. ಅವಳ ಹಾಸ್ಟೆಲ್ ಬಾಡಿಗೆಯ ಅರ್ಧ ಅದು. ನಮ್ಮ ಬೀದಿಯ ಪಿಜಿಯಲ್ಲಿರುವ ಇಬ್ಬರು ವಿದ್ಯಾರ್ಥಿಗಳು ಈ ದೀಪಾವಳಿಗೆ ಊರಿಗೆ ಹೋಗಲಿಲ್ಲ. ಕಾರಣ ಕೇಳಿದರೆ ‘ಎಕ್ಸಾಮ್ ಇತ್ತು ಅಂಕಲ್’ ಎಂದರು. ಎಕ್ಸಾಮ್ ಇರಲಿಲ್ಲ. ಬಾಚುಪಲ್ಲಿ ಕಡೆಯ ಕಟ್ಟಡಗಳಲ್ಲಿ ಕೆಲಸ ಮಾಡುವ ರಾಯಚೂರು, ಯಾದಗಿರಿಯ ಕುಟುಂಬಗಳು ನಮ್ಮಂತೆ ಆ್ಯಪ್ ತೆರೆದು ಬೈಯ್ಯುವುದೂ ಇಲ್ಲ. ಕೆಂಪು ಬಸ್ಸಿನಲ್ಲಿ ಸೀಟಿಲ್ಲದಿದ್ದರೆ ನಿಂತು ಹೋಗುತ್ತಾರೆ, ನಿಲ್ಲಲು ಜಾಗವಿಲ್ಲದಿದ್ದರೆ ಟಾಟಾ ಏಸ್ ಹತ್ತುತ್ತಾರೆ.

ಕೇಳಬೇಕಾದದ್ದು ದೊಡ್ಡದೇನೂ ಅಲ್ಲ. ಹೈದರಾಬಾದ್–ಬೆಂಗಳೂರಿನಂಥ ಮಾರ್ಗಗಳಿಗೆ ಖಾಸಗಿ ಬಸ್ಸಿನ ಮೂಲ ದರವನ್ನು 67ನೇ ಸೆಕ್ಷನ್ನಿನಡಿ ರಾಜ್ಯಗಳು ಪ್ರಕಟಿಸಲಿ. ಹಬ್ಬಕ್ಕೆ ಅದರ ಒಂದೂವರೆ ಪಟ್ಟು, ಆರ್‌ಟಿಸಿಗೆ ಇರುವಷ್ಟೇ. ಯಾವ ರಾಜ್ಯ ನಿಗದಿಪಡಿಸಬೇಕು ಎಂದು ತಲೆ ಕೆರೆದುಕೊಳ್ಳಬೇಕಿಲ್ಲ, ಸರ್ಕಾರಿ ಬಸ್ಸುಗಳ ಓಡಾಟಕ್ಕೆ ಈ ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಂಡೇ ಇವೆ, ಅದೇ ಮೇಜಿನ ಮೇಲೆ ಇದನ್ನೂ ಇಡಬಹುದು. ಮೂಲ ದರ ಮತ್ತು ಬಸ್ಸಿನ ಫಿಟ್ನೆಸ್ ಮುಗಿಯುವ ದಿನಾಂಕ ಎರಡೂ ಟಿಕೆಟ್ಟಿನ ಮೇಲೆ ಅಚ್ಚಾಗಿರಲಿ. ಬಸ್ಸಿನವರು ಕೊನೆಯ ದಿನ ರದ್ದು ಮಾಡಿದರೆ, ಪ್ರಯಾಣಿಕ ರದ್ದು ಮಾಡಿದಾಗ ಎಷ್ಟು ಕಳೆದುಕೊಳ್ಳುತ್ತಾನೋ ಅಷ್ಟನ್ನು ಮೇಲೆ ಸೇರಿಸಿ ಕೊಡಲಿ. ಹಬ್ಬದ ನಾಲ್ಕು ದಿನ ಕರ್ನಾಟಕದ ಒಂದಷ್ಟು ಸರ್ಕಾರಿ ಬಸ್ಸುಗಳು ಎಂಜಿಬಿಎಸ್ ಬದಲು ಮಿಯಾಪುರದಿಂದ ಹೊರಡಲಿ, ಇಲ್ಲಿ ಆರ್‌ಟಿಸಿಯ ಡಿಪೋ ಇದೆ.

ಇದಕ್ಕೆ ಪುರಾವೆ ಬೇಕು, ಪುರಾವೆ ನಮ್ಮ ಫೋನುಗಳಲ್ಲೇ ಇದೆ. ಯುಗಾದಿಗೆ ಊರಿಗೆ ಹೊರಡುವವರು ಈಗಲೇ, ಹಬ್ಬದ ಗಾಳಿ ಬೀಸುವ ಮೊದಲು, ನಿಮ್ಮ ಮಾಮೂಲಿ ಬಸ್ಸಿನ ಒಂದು ಮಂಗಳವಾರದ ದರದ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಹಬ್ಬದ ಹಿಂದಿನ ದಿನದ್ದು, ಅದೇ ಬಸ್ಸು, ಅದೇ ಬರ್ತು. ದಿನಾಂಕ, ಹೊತ್ತು ಕಾಣುವಂತಿರಲಿ. ಹತ್ತುವಾಗ ನಂಬರ್ ಪ್ಲೇಟಿನ ಒಂದು ಫೋಟೊ. ನಮ್ಮ ಅಪಾರ್ಟ್‌ಮೆಂಟಿನ ಆರು ಮನೆಯವರು ದೀಪಾವಳಿಯ 22 ಟಿಕೆಟ್‌ಗಳದ್ದು ಜೋಡಿಸಿಟ್ಟಿದ್ದೇವೆ. ಯುಗಾದಿಯದ್ದೂ ಸೇರಿಸಿ ಒಂದು ಪ್ರತಿ ಖೈರತಾಬಾದಿನ ಸಾರಿಗೆ ಆಯುಕ್ತರ ಕಚೇರಿಗೆ, ಒಂದು ಪ್ರತಿ ಬೆಂಗಳೂರಿನ ಶಾಂತಿನಗರದ ಸಾರಿಗೆ ಇಲಾಖೆಗೆ ಕೊಡುವುದು. ನನ್ನ 1915ರ ದೂರಿಗೆ ಕಂಪನಿಯಿಂದ ಬಂದ ಉತ್ತರ ‘ಹಣ ಮರಳಿಸಲಾಗಿದೆ, ದೂರು ಮುಕ್ತಾಯ’ ಎಂಬ ಒಂದೇ ಸಾಲು. ಮುಕ್ತಾಯ ಆಗಿಲ್ಲ ಎಂದು ಬರೆದು, ನಾಲ್ಕು ಬರ್ತಿನ ವ್ಯತ್ಯಾಸ 5,800 ರೂಪಾಯಿಯ ಲೆಕ್ಕ ಹಚ್ಚಿ, ಜಿಲ್ಲಾ ಆಯೋಗಕ್ಕೆ ಮೊನ್ನೆ ದೂರು ಹಾಕಿದ್ದೇನೆ.